ಡೇರಿ ಪುಸ್ತಕ ಮತ್ತು ನಮ್ಮ ಅಜ್ಜ-ಅಜ್ಜಿಯರು

ಅವರೆ ಹುಳದ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ಸಲ ಆಗ್ಲಿ. ಇವತ್ತು ನಮ್ಮ ನಾಲ್ಕು ಹಳ್ಳಿಯ ವಯಸ್ಸಾದವರ ವಿಚಾರ.

ಮನೆಗಳು ಹೇಗಾಗಿವೆ ಅಂತ ನಿಮಗೇ ಗೊತ್ತು. ಮಕ್ಕಳು ಪೀಣ್ಯದಲ್ಲೋ ನೆಲಮಂಗಲದಲ್ಲೋ. ಮನೇಲಿ ಉಳಿದಿರೋದು ಒಬ್ಬ ಅಜ್ಜಿ, ಒಂದು ಹಸ. ಮಕ್ಕಳದ್ದೇ ತಪ್ಪು ಅಂತ ನಾನು ಹೇಳಲ್ಲ. ಎರಡೆಕರೆ ಖುಷ್ಕಿ ಮೂರು ಸಂಸಾರ ಸಾಕಲ್ಲ.

ಊರಲ್ಲಿ ದಿನಕ್ಕೆ ಎರಡು ಹೊತ್ತು ಜನ ಸೇರೋ ಜಾಗ ಈಗ ಡೇರಿ ಒಂದೇ. ಎರಡು ವರ್ಷದ ಹಿಂದೆ ಕೊಪ್ಪಲಿನ ಒಬ್ಬ ಅಜ್ಜ ಸಂಜೆ ಹಾಲು ಹಾಕಲಿಲ್ಲ, ಬೆಳಗ್ಗೆಯೂ ಬರಲಿಲ್ಲ. ಹಸ ಬತ್ತಿರಬೇಕು ಅಂದ್ರು ಯಾರೋ. ಕರು ಹಾಕಿ ತಿಂಗಳೂ ಆಗಿಲ್ವಲ್ಲ ಅಂತ ಡೇರಿ ಕಾರ್ಯದರ್ಶಿಗೆ ಅನುಮಾನ. ಹೋಗಿ ನೋಡಿದ್ರೆ ಅಜ್ಜ ಕೊಟ್ಟಿಗೇಲಿ ಜಾರಿ ಬಿದ್ದು, ಸೊಂಟ ಮುರಿದು, ರಾತ್ರಿಯೆಲ್ಲಾ ಗಂಜಲದಲ್ಲೇ ಬಿದ್ದಿದ್ರು. ಕೆಚ್ಚಲು ಬಿಗಿದು ಹಸ ಅರಚ್ತಾನೇ ಇತ್ತಂತೆ. ಅಕ್ಕಪಕ್ಕದ ಎರಡೂ ಮನೆಗೆ ಬೀಗ, ಕೇಳೋರು ಯಾರು? 108 ಬಂತು, ಬದುಕಿದ್ರು. ಈಗ ವಾಕರ್ ಹಿಡಿದು ಜಗಲಿವರೆಗೆ ಬರ್ತಾರೆ.

ಅವತ್ತಿಂದ ಒಂದು ರೂಢಿ. ಹೇಳದೆ ಒಂದು ಹೊತ್ತು ಹಾಲು ತಪ್ಪಿದ್ರೆ ಡೇರಿಯಿಂದ ಫೋನ್ ಹೋಗುತ್ತೆ. ಎತ್ತದಿದ್ರೆ ಯಾರಾದ್ರೂ ಮನೆಗೇ ಹೋಗ್ತಾರೆ. ಹಸ ಇಲ್ಲದವರದ್ದು ಬೇರೆ ಪಟ್ಟಿ, ಹತ್ತೊಂಬತ್ತು ಹೆಸರು. ನಮ್ಮವ್ವನದ್ದೂ ಬರೆಯೋಕೆ ಹೋದ್ರೆ "ಮಗ ಇರೋಳಿಗೆ ಯಾಕೋ ಪಟ್ಟಿ" ಅಂತ ಜಗಳಕ್ಕೇ ಬಂದ್ಲು. ನಾನು ಹೊಲದಲ್ಲಿದ್ದಾಗ ಬಿದ್ರೆ ಮಗ ಇದ್ದೇನು ಬಂತು? ಬರೆಸಿದೀನಿ, ಅವಳಿಗೆ ಹೇಳಿಲ್ಲ.

ಇದು ಒಂದೂರಿನ ಕೈಯಲ್ಲಿ ಆಗೋ ಕೆಲಸ ಅಲ್ಲ. ಡೇರಿ ಕೊಪ್ಪಲಲ್ಲಿ, ಆಶಾ ಅಕ್ಕ ಹಟ್ಟಿಯವರು, ಟೆಂಪೊ ತಾಂಡಾದ್ದು, ಓದಿದ ಹುಡುಗರು ಇಬ್ಬರು ನಮ್ಮೂರಲ್ಲಿ. ತಿಂಗಳಿಗೊಮ್ಮೆ ಟೆಂಪೊದಲ್ಲಿ ಎಲ್ಲರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ ಬಿಪಿ, ಶುಗರ್ ಮಾತ್ರೆ ಕೊಡಿಸ್ತೀವಿ. ಡೀಸೆಲ್ ಖರ್ಚು ಮಾತ್ರ. ಒಬ್ಬರೇ ಆಟೋದಲ್ಲಿ ಹೋದ್ರೆ ಇನ್ನೂರು ರೂಪಾಯಿ ಬೇಕು, ಅದಕ್ಕೇ ಎಷ್ಟೋ ಜನ ಮಾತ್ರೆ ನಿಲ್ಲಿಸಿಬಿಟ್ಟಿದ್ರು.

ಪಿಂಚಣಿ ವಿಷಯ ಒಂದು ಹೇಳ್ಬೇಕು. ಸಂಧ್ಯಾ ಸುರಕ್ಷಾದಲ್ಲಿ 65 ತುಂಬಿದ ಬಡವರಿಗೆ ತಿಂಗಳಿಗೆ 1200 ರೂಪಾಯಿ. ಒಬ್ಬ ಅಜ್ಜಿಗೆ ನಾಲ್ಕು ತಿಂಗಳಿಂದ ಬಂದಿರಲಿಲ್ಲ, ನಿಂತೇ ಹೋಯ್ತು ಅಂತ ಅಳ್ತಿದ್ರು. ನಮ್ಮ ಹುಡುಗ ಹುಡುಕಿದ. ಹಿಂದೆ ಸಂಘದ ಸಾಲಕ್ಕೆ ಅಂತ ಬೇರೆ ಬ್ಯಾಂಕಲ್ಲಿ ಖಾತೆ ತೆಗೆದು ಆಧಾರ್ ಅದಕ್ಕೆ ಜೋಡಿಸಿದ್ರು, ದುಡ್ಡೆಲ್ಲಾ ಅಲ್ಲಿ ಬಿದ್ದಿತ್ತು! ನಿಮ್ಮೂರಲ್ಲೂ ಯಾರದ್ದಾದ್ರೂ ನಿಂತಿದ್ರೆ ತಾಲ್ಲೂಕು ಕಚೇರಿಗೆ ಓಡೋ ಮುಂಚೆ ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆ ನೋಡಿ. ಕಳೆ ಕಿತ್ತು ಸವೆದ ಬೆರಳನ್ನ ಮಿಷನ್ ತಗೊಳ್ಳದಿದ್ರೆ ಕಣ್ಣಿನ ಮಿಷನ್ ಇದೆಯಾ ಅಂತ ಕೇಳಿ.

ಜಮೀನು ಮಕ್ಕಳ ಹೆಸರಿಗೆ ಮಾಡೋರಿಗೂ ಒಂದು ಮಾತು. ನೋಡ್ಕೊಳ್ಳಬೇಕು ಅನ್ನೋ ಷರತ್ತನ್ನ ದಾನಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ, ಮಕ್ಕಳು ಷರತ್ತು ಮುರಿದ್ರೆ ಎಸಿ ಸಾಹೇಬರ ಹತ್ರ ಅರ್ಜಿ ಹಾಕಿ ಪತ್ರ ರದ್ದು ಮಾಡಿಸಬಹುದು. ಬಾಯಿಮಾತಿನ ಷರತ್ತು ನಂಬ್ಕೊಂಡು ಕೂತ್ರೆ ಕಷ್ಟ. ಹಿರಿಯರ ಸಹಾಯವಾಣಿ 14567, ಗೋಡೆ ಮೇಲೆ ಬರೆದಿಡಿ.

ಈಗ ತೊಂದರೆ ಏನಂದ್ರೆ ಟೆಂಪೊ ಮಾಲೀಕರು ಗಾಡಿ ಮಾರ್ತಿದಾರೆ, ಕಂತು ಕಟ್ಟೋಕಾಗ್ತಿಲ್ಲವಂತೆ. ಅವರನ್ನ ದೂರೋಕಾಗಲ್ಲ, ಇಷ್ಟು ದಿನ ಓಡಿಸಿದ್ದೇ ದೊಡ್ಡದು. ಟ್ರ್ಯಾಕ್ಟರ್ ಟ್ರೇಲರ್ ಅಂತಾರೆ ಕೆಲವರು, ಎಂಬತ್ತು ದಾಟಿದವರನ್ನ ಅದಕ್ಕೆ ಹತ್ತಿಸೋಕೆ ನನಗೆ ಧೈರ್ಯ ಇಲ್ಲ. ಮನೆಗೆ ಇಪ್ಪತ್ತು ರೂಪಾಯಿ ಹಾಕಿದ್ರೆ ಬಾಡಿಗೆ ಗಾಡಿ ಮಾಡಬಹುದು ಅಂತ ನನ್ನ ಲೆಕ್ಕ. ಬುಧವಾರ ಸಂಜೆ ಹಾಲು ಹಾಕಿದ ಮೇಲೆ ಡೇರಿ ಮುಂದೆ ಕೂರೋಣ. ತಾಂಡಾದವರು ತಪ್ಪದೆ ಬನ್ನಿ.