ಬೆಲ್‌ಫಾಸ್ಟ್ ಹಡಗಿನಲ್ಲಿ ಒಂದು ಮಧ್ಯಾಹ್ನ

ಮಕ್ಕಳ ಹಟಕ್ಕೆ ಮಣಿದು, ಲಂಡನ್ನಿನ ಟವರ್ ಬ್ರಿಡ್ಜ್ ಬಳಿ ನಿಂತಿರುವ ಎಚ್‌ಎಂಎಸ್ ಬೆಲ್‌ಫಾಸ್ಟ್ ಹತ್ತಿದೆವು. 1938ರಲ್ಲಿ ನೀರಿಗಿಳಿದ ಲಘು ಕ್ರೂಸರ್ ಇದು. ಆಗಿನ ಒಪ್ಪಂದದಂತೆ ತೂಕ 10,000 ಟನ್ ಮೀರುವಂತಿರಲಿಲ್ಲ. ಮೊದಲು ಆಲೋಚಿಸಿದ್ದು ಆರಿಂಚಿನ 16 ಫಿರಂಗಿ. ಕೊನೆಗೆ 12ಕ್ಕೆ ಇಳಿಸಿ, ಮಿಕ್ಕ ತೂಕವನ್ನು ಕವಚಕ್ಕೂ ವಿಮಾನ ಹೊಡೆಯುವ ತೋಪುಗಳಿಗೂ ಹಂಚಿದರಂತೆ. ಊರಿಗೆ ಹೊರಡುವಾಗ ಸೂಟ್‌ಕೇಸು ತೂಗಿ ತೂಗಿ ಸಾಮಾನು ತೆಗೆದಿಡುವ ನಮಗೆ ಈ ಲೆಕ್ಕ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ!

ಪಕ್ಕಗಳಿಗೆ 114 ಮಿ.ಮೀ. ಉಕ್ಕು. ಆದರೆ 1939ರ ನವೆಂಬರಿನಲ್ಲಿ ಜರ್ಮನ್ ಮೈನ್ ಸಿಡಿದದ್ದು ಅಡಿಯಲ್ಲಿ. ಹಡಗಿನ ಬೆನ್ನೇ ಮುರಿಯಿತು. ಮತ್ತೆ ಕಡಲಿಗಿಳಿದದ್ದು 1942ರ ಕೊನೆಗೆ.

ಕೆಳಗಿನ ಅಂತಸ್ತಿನಲ್ಲಿ ತೂಗುಹಾಸಿಗೆಗಳು ಒತ್ತೊತ್ತಾಗಿವೆ. ಫಿರಂಗಿ, ಕವಚ, ಎಂಜಿನ್ನುಗಳಿಗೆ ಕೊಟ್ಟು ಉಳಿದ ಜಾಗ ನಾವಿಕರದು. ನಮ್ಮ ಮಗಳು ಅವನ್ನು ಎಣಿಸುತ್ತ ನಿಂತವಳು, ಕರೆದರೂ ಬೇಗ ಮೇಲೆ ಬರಲಿಲ್ಲ.