ಕಲ್ಲು ಉಳಿದ ಕಣಿವೆಯಲ್ಲಿ ಬೀಜ

ಪೆರು ದೇಶದ ಕುಸ್ಕೊ ನಗರದ ಉತ್ತರಕ್ಕೆ, ಆಂಡೀಸ್ ಪರ್ವತಗಳ ನಡುವೆ, ಉರುಬಾಂಬಾ ನದಿಯ ಕಣಿವೆಯಿದೆ. ಇಂಕಾ ಅರಸರು ಆಳಿದ ಈ ನೆಲಕ್ಕೆ ಇಂದು 'ಪವಿತ್ರ ಕಣಿವೆ' ಎಂದು ಹೆಸರು. ಮೇ ತಿಂಗಳ ಸುಗ್ಗಿಯ ದಿನಗಳಲ್ಲಿ ಅದನ್ನು ಕಾಣುವ ಸುಯೋಗ ನನಗೆ ಒದಗಿತು.

ಸುಮಾರು 2,800 ಮೀಟರ್ ಎತ್ತರದ ಒಲ್ಲಂತಾಯ್ತಾಂಬೊ ಗ್ರಾಮದಲ್ಲಿ ಜನರು ಇಂದಿಗೂ ಇಂಕಾ ಕಾಲದ ಓಣಿಗಳಲ್ಲಿಯೇ ವಾಸಿಸುತ್ತಾರೆ. ಅಂದಿನ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಊರ ಮೇಲಣ ದಿಬ್ಬದಲ್ಲಿ ಆರು ಬೃಹತ್ ಶಿಲೆಗಳು ಸಾಲಾಗಿ ನಿಂತಿವೆ. ನದಿಯಾಚೆಯ ಬೆಟ್ಟದಿಂದ ಅವುಗಳನ್ನು ತಂದವರ ಸಾಹಸಕ್ಕೆ ಬೆರಗಾದೆನು. 1537ರಲ್ಲಿ ಮಾಂಕೊ ಇಂಕಾ ಸ್ಪೇನಿನ ಸೈನ್ಯವನ್ನು ಹಿಮ್ಮೆಟ್ಟಿಸಿದ್ದು ಇಲ್ಲಿಯೇ. ಆದರೂ ರಾಜ್ಯ ಉಳಿಯಲಿಲ್ಲ.

ಉಳಿದದ್ದು ಒಕ್ಕಲುತನದ ವಿದ್ಯೆ. ಪಿಸಾಕ್ ಊರಿನ ಬೆಟ್ಟದ ಇಳಿಜಾರಿನಲ್ಲಿ ಕಲ್ಗೋಡೆ ಕಟ್ಟಿದ ಹೊಲಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಅಡಿಯಲ್ಲಿ ದಪ್ಪ ಕಲ್ಲು, ಮೇಲೆ ಜಲ್ಲಿ ಮತ್ತು ಮರಳು, ಕೊನೆಗೆ ಫಲವತ್ತಾದ ಮಣ್ಣು. ನೀರು ನಿಲ್ಲದು, ಮಣ್ಣು ಜಾರದು. ಹಗಲಿನ ಬಿಸಿಲನ್ನು ಹೀರಿದ ಗೋಡೆ ರಾತ್ರಿ ಆ ಶಾಖವನ್ನು ಬಿಟ್ಟುಕೊಟ್ಟು, ಕೊರೆಯುವ ಚಳಿಯಿಂದ ಬೆಳೆಯನ್ನು ಕಾಯುತ್ತದೆ.

ಹಾದಿಯ ಬದಿಯಲ್ಲಿ ಪೆರುವಿನ ರಾಷ್ಟ್ರಪುಷ್ಪವಾದ ಕಂತುತಾ ಕೆಂಪು ಕೊಳವೆಗಳಂತೆ ಜೋತಾಡುತ್ತಿತ್ತು. ಹೊಲಗಳಲ್ಲಿ ಕಿವಿಚಾ ಎಂಬ ಧಾನ್ಯದ ಕೆಂಪು ತೆನೆಗಳನ್ನು ಕಂಡೊಡನೆ ನಮ್ಮ ದಂಟಿನ ಸೊಪ್ಪು ನೆನಪಾಯಿತು. ಎರಡೂ ಒಂದೇ ಕುಲದ ಸಸ್ಯಗಳು. ನಮ್ಮ ಹಾಸನದ ಹೊಲಗಳಲ್ಲಿ ಬೆಳೆಯುವ ಆಲೂಗಡ್ಡೆಗೂ ಈ ಆಂಡೀಸ್ ಮಲೆಗಳೇ ತವರು.

ಪಿಸಾಕ್‌ನ ಮೇಲಣ ಗ್ರಾಮಗಳ ಕೆಚುವಾ ರೈತರು ಒಟ್ಟುಗೂಡಿ 'ಆಲೂಗಡ್ಡೆ ಉದ್ಯಾನ'ವನ್ನು ನಡೆಸುತ್ತಿದ್ದಾರೆ. ಅಲ್ಲಿ ನೂರಾರು ತಳಿಗಳಿವೆ. ವೃದ್ಧೆಯೊಬ್ಬರು ಗಂಟು ಗಂಟಾದ ಗಡ್ಡೆಯೊಂದನ್ನು ನನ್ನ ಅಂಗೈಯಲ್ಲಿಟ್ಟು ನಕ್ಕರು. ಅದರ ಹೆಸರಿಗೆ 'ಸೊಸೆಯನ್ನು ಅಳಿಸುವುದು' ಎಂದರ್ಥವಂತೆ! ಅದರ ಸಿಪ್ಪೆ ಸುಲಿಯುವುದು ಅಷ್ಟು ಕಷ್ಟ. ಅತ್ತೆ ಸೊಸೆಯರ ಮಾತು ಯಾವ ನಾಡಿನಲ್ಲಿಲ್ಲ?

ಲಿಮಾ ನಗರದಲ್ಲಿ 1971ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವು, 2004ರ ಒಪ್ಪಂದದಂತೆ, ತನ್ನ ಸಂಗ್ರಹದಲ್ಲಿದ್ದ ಅನೇಕ ತಳಿಗಳನ್ನು ಈ ರೈತರಿಗೆ ಮರಳಿಸಿತು. ಆದರೆ ಹವೆ ಬಿಸಿಯಾದಂತೆಲ್ಲ ಅವರು ಬಿತ್ತನೆಯನ್ನು ಇನ್ನೂ ಮೇಲಕ್ಕೆ ಒಯ್ಯಬೇಕಾಗಿದೆ. ಬೆಟ್ಟಕ್ಕೂ ಒಂದು ತುದಿಯುಂಟಲ್ಲವೆ?

ಕಲ್ಲಿನ ಗೋಡೆ ಯಾರೂ ನೋಡದಿದ್ದರೂ ಶತಮಾನಗಳ ಕಾಲ ನಿಂತೀತು. ಹೊಲದ ತಳಿ ಹಾಗಲ್ಲ. ಕೆಲವೇ ವರ್ಷ ನೆಡದೆ ಬಿಟ್ಟರೆ ಅದು ಅಳಿಯುತ್ತದೆ. ವಿದ್ಯೆಯನ್ನು ಕೈಯಿಂದ ಕೈಗೆ ದಾಟಿಸುವ ಶಿಕ್ಷಕರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.