ಸೈಕಲ್ ಏರಿದ ಚರಿತ್ರೆ

ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ವರ್ಷಕ್ಕೊಮ್ಮೆ ಒಂದು ವಿಚಿತ್ರ ನೋಟ ಕಾಣಸಿಗುತ್ತಿತ್ತು. ಜನ ಮಲಗುವ ಹೊತ್ತಿಗೆ ನೂರಾರು ವಿದ್ಯಾರ್ಥಿಗಳು ಸೈಕಲ್ ಹಿಡಿದು ಅಲ್ಲಿ ಸೇರುತ್ತಿದ್ದರು. ಮುಂದೆ ಅವರ ಪ್ರಾಧ್ಯಾಪಕರು. ಅವರದೂ ಒಂದು ಸೈಕಲ್. ರಾತ್ರಿಯಿಡೀ ಮ್ಯಾನ್‌ಹಟನ್ ದ್ವೀಪದಲ್ಲಿ ದಕ್ಷಿಣಕ್ಕೆ ಸಾಗುವುದು, ಅಲ್ಲಲ್ಲಿ ನಿಂತು ಪಾಠ ಕೇಳುವುದು, ಬೆಳಗಿನ ಜಾವ ಬ್ರೂಕ್ಲಿನ್ ಸೇತುವೆ ದಾಟುವುದು. ಅಲ್ಲಿಗೆ ತರಗತಿ ಮುಗಿಯಿತು. ಕಪ್ಪುಹಲಗೆ ಇಲ್ಲ, ಬೆಂಚಿಲ್ಲ, ಊರೇ ಪಠ್ಯಪುಸ್ತಕ.

ಆ ಪ್ರಾಧ್ಯಾಪಕರು ಕೆನೆತ್ ಟಿ. ಜಾಕ್ಸನ್. 1939ರಲ್ಲಿ ಅಮೆರಿಕದ ದಕ್ಷಿಣದ ಮೆಂಫಿಸ್‌ನಲ್ಲಿ ಹುಟ್ಟಿದವರು. 1966ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಕೆಲ ಕಾಲ ವಾಯುಪಡೆಯಲ್ಲಿದ್ದು, 1968ರಲ್ಲಿ ಕೊಲಂಬಿಯಾ ಸೇರಿದರು. ಅರ್ಧ ಶತಮಾನ ಅಲ್ಲೇ ಪಾಠ ಹೇಳಿ 2020ರಲ್ಲಿ ನಿವೃತ್ತರಾದರು. ಕರಿಯರನ್ನು ಹಿಂಸಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಹಳ್ಳಿಗಾಡಿನ ಅಜ್ಞಾನಿಗಳ ಕೂಟ ಎಂದೇ ಬಹಳ ಜನ ನಂಬಿದ್ದರು. ಅದು ದೊಡ್ಡ ನಗರಗಳಲ್ಲೂ ಬಲವಾಗಿ ಬೇರುಬಿಟ್ಟಿತ್ತೆಂದು 1967ರ ತಮ್ಮ ಮೊದಲ ಪುಸ್ತಕದಲ್ಲೇ ಜಾಕ್ಸನ್ ತೋರಿಸಿಕೊಟ್ಟರು. ಎಲ್ಲರೂ ಒಪ್ಪಿಕೊಂಡ ಮಾತನ್ನು ಇನ್ನೊಮ್ಮೆ ಒರೆಗೆ ಹಚ್ಚುವ ಈ ಗುಣ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ವಿಶ್ವವಿದ್ಯಾಲಯದಿಂದ ಹೊರಟ ಸೈಕಲ್ ಮೊದಲು ಹೊಗುವುದು ಸೆಂಟ್ರಲ್ ಪಾರ್ಕ್ ಎಂಬ 843 ಎಕರೆಗಳ ಉದ್ಯಾನವನ್ನು. ಕೆರೆ, ಬಂಡೆ, ಹುಲ್ಲುಹಾಸು ಎಲ್ಲವೂ ದೇವರು ಇಟ್ಟಂತೆಯೇ ಕಾಣುತ್ತವೆ. ಆದರೆ ಅದರ ಬಹುಭಾಗ 1858ರಲ್ಲಿ ಓಮ್‌ಸ್ಟೆಡ್ ಮತ್ತು ವಾ ಎಂಬ ಇಬ್ಬರು ಕಾಗದದ ಮೇಲೆ ಬರೆದದ್ದು. ಪಶ್ಚಿಮದ ಅಂಚಿನಲ್ಲಿ ಮೊದಲು ಸೆನೆಕಾ ವಿಲೇಜ್ ಎಂಬ ಪುಟ್ಟ ಊರಿತ್ತು. ನಿವಾಸಿಗಳಲ್ಲಿ ಹೆಚ್ಚಿನವರು ಕರಿಯರು. ಅಂದು ನ್ಯೂಯಾರ್ಕ್‌ನಲ್ಲಿ ಕರಿಯ ಗಂಡಸಿಗೆ ಮತ ಬೇಕೆಂದರೆ 250 ಡಾಲರ್ ಬೆಲೆಯ ಆಸ್ತಿ ಇರಬೇಕಿತ್ತು. ಹೀಗಾಗಿ ತುಂಡು ಭೂಮಿಯೆಂದರೆ ಬರೀ ಮನೆಯಲ್ಲ, ಮತದ ಹಕ್ಕೂ ಹೌದು. 1857ರಲ್ಲಿ ಉದ್ಯಾನಕ್ಕೆಂದು ಆ ಊರನ್ನೇ ತೆರವು ಮಾಡಿದರು.

ದಕ್ಷಿಣಕ್ಕೆ ಇಳಿದರೆ 42ನೇ ಬೀದಿ, ಅಲ್ಲಿ 1911ರಲ್ಲಿ ತೆರೆದ ಭವ್ಯ ಸಾರ್ವಜನಿಕ ಗ್ರಂಥಾಲಯ. ಆ ಜಾಗದಲ್ಲಿ ಹಿಂದೆ ಇದ್ದದ್ದು ನೀರಿನ ಭಾರಿ ಜಲಾಶಯ. ಸುಮಾರು 40 ಮೈಲಿ ದೂರದ ಕ್ರೋಟನ್ ನದಿಯಿಂದ ಕಾಲುವೆಯಲ್ಲಿ ಮೈಲಿಗೆ ಸುಮಾರು ಒಂದಡಿ ಇಳಿಜಾರು ಕೊಟ್ಟು, ಪಂಪಿನ ಹಂಗಿಲ್ಲದೆ ಗುರುತ್ವಬಲವೊಂದರಿಂದಲೇ 1842ರಲ್ಲಿ ನೀರು ತಂದಿದ್ದರು. ಇಂಥ ನೀರಿಗಾಗಿ, ಚರಂಡಿಗಾಗಿ ಹೊರವಲಯದ ಊರುಗಳು ತಾವಾಗಿಯೇ ನಗರದೊಳಗೆ ಸೇರಿಕೊಳ್ಳುತ್ತಿದ್ದ ಕಾಲವೊಂದಿತ್ತು. ಮುಂದೆ ಗಾಳಿ ತಿರುಗಿತು. ಹೊರವಲಯ ನಗರದ ಕೈ ಕೊಡವಿಕೊಂಡು ದೂರ ನಿಂತಿತು. ಉಳ್ಳವರು ಆಚೆ ಹೋದರು, ಇಲ್ಲದವರು ಒಳಗೆ ಉಳಿದರು.

ಹೀಗೇಕಾಯಿತು? ಕಾರು ಬಂತು, ಭೂಮಿ ಅಗ್ಗವಿತ್ತು, ಅಮೆರಿಕನ್ನರಿಗೆ ಹಿತ್ತಿಲಿನ ಒಂಟಿಮನೆಯ ಆಸೆ ಎಂಬುದು ಸಿದ್ಧ ಉತ್ತರ. ಜಾಕ್ಸನ್ ಇದನ್ನು ಅಲ್ಲಗಳೆಯಲಿಲ್ಲ. ಆದರೆ ಸಾಲದು ಎಂದರು. ಸರ್ಕಾರದ ಹಳೆಯ ಕಡತಗಳಲ್ಲಿ ಅವರಿಗೆ ಕಂಡದ್ದು ಬಣ್ಣ ಬಳಿದ ನಕ್ಷೆಗಳು.

1930ರ ದಶಕದ ಮಹಾಕುಸಿತದಲ್ಲಿ ಮನೆ ಕಳೆದುಕೊಳ್ಳಲಿದ್ದವರನ್ನು ಉಳಿಸಲು ಅಮೆರಿಕ ಸರ್ಕಾರ 1933ರಲ್ಲಿ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಸ್ಥಾಪಿಸಿತು. ಅದು ಇನ್ನೂರಕ್ಕೂ ಹೆಚ್ಚು ನಗರಗಳ ಬಡಾವಣೆಗಳನ್ನು ನಾಲ್ಕು ದರ್ಜೆ ಮಾಡಿತು: ಅತ್ಯುತ್ತಮಕ್ಕೆ ಹಸಿರು, ನಂತರ ನೀಲಿ, ಹಳದಿ, ಅಪಾಯಕ್ಕೆ ಕೆಂಪು. ಮನೆಗಳು ಹಳತೋ ಹೊಸತೋ ಎಂದಷ್ಟೇ ನೋಡಲಿಲ್ಲ; ಒಳಗೆ ಯಾವ ಜನಾಂಗದವರಿದ್ದಾರೆ ಎಂದೂ ನೋಡಿದರು. ಕರಿಯರ ಬಡಾವಣೆಗೆ ಕೆಂಪು ತಪ್ಪುತ್ತಿರಲಿಲ್ಲ. ಅವರು ವಾಸಿಸುತ್ತಿದ್ದ ಬ್ರೂಕ್ಲಿನ್‌ನ ಬೆಡ್‌ಫರ್ಡ್–ಸ್ಟೈವೆಸೆಂಟ್ ಕೆಂಪಾಯಿತು. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಕೂಡ ಇದೇ ಬಗೆಯ ಅಳತೆಗೋಲು ಹಿಡಿದು ಹೊರವಲಯದ ಹೊಸ ಮನೆಗಳ ಸಾಲಕ್ಕೆ ಜಾಮೀನು ನಿಂತಿತು. 1947ರಿಂದ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ ಲೆವಿಟೌನ್‌ನ 17 ಸಾವಿರಕ್ಕೂ ಹೆಚ್ಚು ಮನೆಗಳೆದ್ದವು. ಕರಿಯರಿಗೆ ಅಲ್ಲಿ ಬಾಗಿಲು ಮುಚ್ಚಿತ್ತು. 1956ರ ಹೆದ್ದಾರಿ ಕಾಯ್ದೆ ಬಂದಾಗ ಖರ್ಚಿನ ಶೇ. 90ನ್ನು ಕೇಂದ್ರ ಸರ್ಕಾರವೇ ಹೊತ್ತುಕೊಂಡಿತು.

ಈ ಕಥೆಯನ್ನೆಲ್ಲ ಜಾಕ್ಸನ್ 1985ರಲ್ಲಿ ‘ಕ್ರ್ಯಾಬ್‌ಗ್ರಾಸ್ ಫ್ರಾಂಟಿಯರ್’ ಎಂಬ ಪುಸ್ತಕದಲ್ಲಿ ಹೇಳಿದರು. ಚರಿತ್ರಕಾರರು ಹಂಬಲಿಸುವ ಬ್ಯಾಂಕ್ರಾಫ್ಟ್, ಪಾರ್ಕ್‌ಮನ್ ಬಹುಮಾನಗಳೆರಡೂ ಅದಕ್ಕೆ ಬಂದವು. ಹತ್ತು ವರ್ಷಗಳ ನಂತರ, 1995ರಲ್ಲಿ, ಅವರ ಸಂಪಾದಕತ್ವದಲ್ಲಿ ನ್ಯೂಯಾರ್ಕ್ ನಗರದ ವಿಶ್ವಕೋಶ ಹೊರಬಂತು. 1300ಕ್ಕೂ ಹೆಚ್ಚು ಪುಟಗಳ ಹೆಬ್ಬೊತ್ತಿಗೆ.

ನಕ್ಷೆಯ ಮಾತಿಗೆ ಮುಂದಿನ ಸಂಶೋಧಕರು ತಿದ್ದುಪಡಿ ಸೂಚಿಸಿದ್ದೂ ಉಂಟು. ನಕ್ಷೆ ಬರೆದ ಸಂಸ್ಥೆ ಕೆಂಪು ಪ್ರದೇಶಗಳಿಗೂ ಸಾಲ ಕೊಟ್ಟಿತ್ತು. ಇದನ್ನು ಜಾಕ್ಸನ್ ತಾವೇ ಬರೆದಿದ್ದರು. ಕೆಡುಕಾದದ್ದು ಆ ಅಳತೆಗೋಲನ್ನು ಬೇರೆಯವರು ಬಳಸಿದ್ದರಿಂದ ಎಂದಿದ್ದರು. ಬ್ಯಾಂಕುಗಳು ಆ ನಕ್ಷೆಗಳನ್ನು ಎಷ್ಟು ಕಂಡಿದ್ದವು ಎಂಬ ಬಗ್ಗೆ ವಾದ ಮುಗಿದಿಲ್ಲ. ಆದರೆ ಆ ಗೆರೆಗಳು ಗುರುತಿಸಿದ ಭೇದ ನೆಲದಿಂದ ಅಳಿದಿಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ 108 ನಗರಗಳ ಬೇಸಿಗೆಯ ತಾಪವನ್ನು ಅಳೆದು ನೋಡಿತು. ಅಂದು ಕೆಂಪಾಗಿದ್ದ ಬಡಾವಣೆಗಳು ಸರಾಸರಿ ಸುಮಾರು 2.6 ಡಿಗ್ರಿ ಸೆಲ್ಷಿಯಸ್ ಹೆಚ್ಚು ಬಿಸಿ! ಕಾರಣ ಸರಳ. ಅಲ್ಲಿ ಮರ ಕಡಿಮೆ, ಡಾಂಬರು, ಕಾಂಕ್ರೀಟು ಹೆಚ್ಚು. ಅವು ಹಗಲಿಡೀ ಬಿಸಿಲು ಕುಡಿದು ರಾತ್ರಿ ಶಾಖ ಉಗುಳುತ್ತವೆ. ಗುಮಾಸ್ತನೊಬ್ಬನ ಬಣ್ಣದ ಪೆನ್ಸಿಲಿನ ಗುರುತನ್ನು 80 ವರ್ಷಗಳ ಮೇಲೆ ಉಷ್ಣಮಾಪಕ ಓದಿ ಹೇಳುತ್ತಿದೆ.

ಬೆಳಕು ಹರಿಯುವ ಹೊತ್ತಿಗೆ ಸೈಕಲ್ ಬ್ರೂಕ್ಲಿನ್ ಸೇತುವೆಯ ಮೇಲೆ. 1883ರಲ್ಲಿ ತೆರೆದ ಈ ಸೇತುವೆಯ ಕಂಬಗಳಿಗೆ ನದಿಯ ತಳದಲ್ಲಿ, ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳೊಳಗೆ ಪಾಯ ತೋಡಿದರು. ಬೇಗನೆ ಮೇಲೆ ಬಂದವರ ರಕ್ತದಲ್ಲಿ ಸಾರಜನಕ ಗುಳ್ಳೆಗಟ್ಟಿ ಕೈಕಾಲು ಸೆಟೆದವು. ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ ಹಾಸಿಗೆ ಹಿಡಿದರು. ಅವರ ಪತ್ನಿ ಎಮಿಲಿ ಕೆಲಸವನ್ನು ಕೊನೆ ಮುಟ್ಟಿಸಲು ನೆರವಾದರು.

ಪಾಠದ ಕೊನೆಯ ತಾಣ ಬ್ರೂಕ್ಲಿನ್ ಹೈಟ್ಸ್‌ನ ವಿಹಾರಪಥ. ಎದುರಿಗೆ ನದಿ, ಅದರಾಚೆ ಗಗನಚುಂಬಿಗಳ ಮೇಲೆ ಎಳೆಬಿಸಿಲು. ಎಲ್ಲರ ಕಣ್ಣೂ ಅತ್ತಲೇ. ಆದರೆ ಆ ಪಥ ನಿಂತಿರುವುದು ಒಂದು ಹೆದ್ದಾರಿಯ ನೆತ್ತಿಯ ಮೇಲೆ. 1940ರ ದಶಕದಲ್ಲಿ ರಾಬರ್ಟ್ ಮೋಸೆಸ್ ಹೆದ್ದಾರಿ ತರಹೊರಟಾಗ ಇಲ್ಲಿನ ಅನುಕೂಲಸ್ಥರು ಪಟ್ಟು ಹಿಡಿದರು. ರಸ್ತೆ ಗುಡ್ಡದ ಅಂಚಿಗೆ ಸರಿದು, ಮೇಲೆ ವಿಹಾರಪಥ ಬಂತು. ದನಿ ಇಲ್ಲದವರ ವಿಲಿಯಮ್ಸ್‌ಬರ್ಗ್ ಅನ್ನು ಅದೇ ಹೆದ್ದಾರಿ ಸೀಳಿಕೊಂಡೇ ಹೋಯಿತು. ಹಾಗೆಂದು ಮೋಸೆಸ್‌ರನ್ನು ಬರೀ ಖಳನಾಗಿಸಲು ಜಾಕ್ಸನ್ ಒಪ್ಪಲಿಲ್ಲ. ಅವರು ಕಟ್ಟಿದ್ದರ ಬಲದಿಂದಲೇ ನ್ಯೂಯಾರ್ಕ್ ಮತ್ತೆ ಚೇತರಿಸಿಕೊಂಡಿತೆಂದು ವಾದಿಸಿದರು.

ರಾತ್ರಿಯಿಡೀ ತುಳಿದ ಕಾಲುಗಳು ಅಲ್ಲಿ ದಣಿವಾರಿಸಿಕೊಳ್ಳುತ್ತಿದ್ದವು. ಕೆಳಗೆ ಕಾರುಗಳು ಓಡುತ್ತಿದ್ದವು. ನಗರ ಮರದಂತೆ ತಾನಾಗಿ ಬೆಳೆಯುವುದಿಲ್ಲ. ಯಾರೋ ಎಲ್ಲೋ ಕುಳಿತು ಗೆರೆ ಎಳೆದಿರುತ್ತಾರೆ. ಮನುಷ್ಯರು ಎಳೆದ ಗೆರೆಯಾದ್ದರಿಂದಲೇ ಅದನ್ನು ತಿದ್ದಿ ಎಳೆಯುವುದೂ ಸಾಧ್ಯ.